ಚಿಕ್ಕಬೈರಪ್ಪನ ನಿಲ್ಲದ ಗರಗಸ

ಬೈರಸಂದ್ರದ ಚಿಕ್ಕಬೈರಪ್ಪನಿಗೆ ಬರುತ್ತಿದ್ದದ್ದು ನೀರೆತ್ತುವ ಆಯಿಲ್ ಇಂಜಿನ್ನುಗಳ ರಿಪೇರಿ. ಆದರೆ ನೀರು ಬೇಕಾದ ಹೊಲಗಳೇ ಊರ ಸುತ್ತ ಒಂದೊಂದಾಗಿ ಮಾಯವಾಗುತ್ತಿದ್ದವು. ಜಯನಗರದ ಬ್ಲಾಕುಗಳು ಏಳುತ್ತ ಏಳುತ್ತ ಅವನ ರಾಗಿ ಹೊಲದ ನಟ್ಟನಡುವೆಯೂ ಒಂದು ಕ್ರಾಸ್ ರಸ್ತೆ ಹಾದುಹೋಯಿತು. ಸಾವಿರದ ಒಂಬೈನೂರ ಅರವತ್ತೊಂದರ ಹೊತ್ತಿಗೆ ಅವನ ಶೆಡ್ಡಿನಲ್ಲಿ ಬಿಚ್ಚಲು ಒಂದೇ ಒಂದು ಇಂಜಿನ್ ಇರಲಿಲ್ಲ. ಕೈ ಸುಮ್ಮನಿರದೆ, ಹೆಂಡತಿ ಮುನಿವೆಂಕಟಮ್ಮನ ಸೀಮೆಎಣ್ಣೆ ಸ್ಟೌವನ್ನು ವಾರಕ್ಕೊಮ್ಮೆ ಬಿಚ್ಚಿ ಜೋಡಿಸುತ್ತಿದ್ದ. ಚೆನ್ನಾಗಿ ಉರಿಯುತ್ತಿದ್ದ ಸ್ಟೌ ಅದು.

ಅಂಥ ಹೊತ್ತಿನಲ್ಲಿ, ಸಿದ್ದಾಪುರದ ಹತ್ತಿರ ಮರದ ಡಿಪೋ ಇಟ್ಟುಕೊಂಡಿದ್ದ ಕೊಟ್ರಪ್ಪ ಮಿಲಿಟರಿ ಸಾಮಾನಿನ ಹರಾಜಿನಲ್ಲಿ ಒಂದು ದೊಡ್ಡ ಪೆಟ್ಟಿಗೆ ಹಿಡಿದು ತಂದ. ನೀರಿನ ಪಂಪು ಎಂದು ಕೂಗಿದ್ದರಂತೆ. ಚಿಕ್ಕಬೈರಪ್ಪನ ಶೆಡ್ಡಿನ ಮುಂದೆ ಎತ್ತಿನ ಗಾಡಿಯಿಂದ ಇಳಿಸಿ ಮುಚ್ಚಳ ಕಿತ್ತರೆ ಒಳಗೆ ತುಂಡು ತುಂಡಾದ ಒಂದು ಇಂಜಿನ್, ಆಳುದ್ದದ ಕಬ್ಬಿಣದ ಪಟ್ಟಿ, ಹಲ್ಲಿರುವ ಚೈನು.

“ನೀರು ಎಲ್ಲಿಂದ ಬರತ್ತೆ?” ಎಂದ ಕೊಟ್ರಪ್ಪ.

ಮುನಿವೆಂಕಟಮ್ಮನ ತಮ್ಮ ಬೋರಣ್ಣ ಅದು ಕಬ್ಬು ಕಟಾವಿನ ಯಂತ್ರ ಎಂದ. ಚೈನಿನ ಹಲ್ಲುಗಳನ್ನು ಇನ್ನೊಮ್ಮೆ ನೋಡಿದ ಕೊಟ್ರಪ್ಪ, ಇದು ಯುದ್ಧದಲ್ಲಿ ಶತ್ರುಗಳ ಮೇಲೆ ಬಿಡುವಂಥದ್ದು ಎಂದು ಎರಡು ಹೆಜ್ಜೆ ಹಿಂದೆ ಸರಿದ. ಚಿಕ್ಕಬೈರಪ್ಪ ಹೆಂಡತಿಯ ಪಿನ್ನು ಇಸಿದುಕೊಂಡು ಪಟ್ಟಿಯ ಸಂದಿನಿಂದ ಚೂರು ಕೊಳೆ ಕೆದಕಿ, ಮೂಸಿ, ಕೊಟ್ರಪ್ಪನ ಮೂಗಿಗೂ ಹಿಡಿದ.

“ಹೊಟ್ಟು. ಮರದ ಹೊಟ್ಟು. ನಮ್ ಕಡೆ ಮರ ಅಲ್ಲ, ಆದ್ರೆ ಮರವೇ,” ಎಂದ ಕೊಟ್ರಪ್ಪ. ಮರದ ವಿಷಯದಲ್ಲಿ ಅವನ ಮೂಗು ತಪ್ಪುತ್ತಿರಲಿಲ್ಲ.

ಹೀಗೆ ಅದು ಗರಗಸವೆಂದು ತೀರ್ಮಾನವಾಯಿತು. ಇಂಜಿನ್ನಿನ ಪಿಸ್ಟನ್ ಇರಲಿಲ್ಲ, ಕಾರ್ಬುರೇಟರ್ ಇರಲಿಲ್ಲ, ಟ್ಯಾಂಕೂ ಇರಲಿಲ್ಲ. ಕೊಟ್ರಪ್ಪ ಪೋಸ್ಟ್ ಮಾಸ್ತರರಿಂದ ಇಂಗ್ಲಿಷಿನಲ್ಲಿ ಕಾಗದ ಬರೆಸಿ ಪೆಟ್ಟಿಗೆಯ ಮೇಲೆ ಅಚ್ಚಾಗಿದ್ದ ವಿದೇಶಿ ಕಂಪನಿಯ ವಿಳಾಸಕ್ಕೆ ಕಳಿಸಿದ. ಐದು ತಿಂಗಳಾದ ಮೇಲೆ ಉತ್ತರ ಬಂತು: ದಯವಿಟ್ಟು ಮಾಡೆಲ್ ನಂಬರ್ ತಿಳಿಸಿ, ಅದು ಟ್ಯಾಂಕಿನ ಮೇಲೆ ಕೆತ್ತಿರುತ್ತದೆ.

ಚಿಕ್ಕಬೈರಪ್ಪ ಚೀಲ ಹೆಗಲಿಗೆ ಹಾಕಿಕೊಂಡು ಕಲಾಸಿಪಾಳ್ಯದಲ್ಲಿ ಡೂಪ್ಲಿಕೇಟ್ ಪಾರ್ಟುಗಳ ಅಂಗಡಿ ಇಟ್ಟಿದ್ದ ಸೀನುವಿನ ಹತ್ತಿರ ಹೋದ.

“ಪಿಸ್ಟನ್ ಬೇಕಿತ್ತು.”

“ಯಾವ ಗಾಡೀದು?”

“ಗಾಡೀದಲ್ಲ ಸೀನಣ್ಣ. ಗರಗಸದ್ದು.”

“ಗರಗಸಕ್ಕೆ ಪಿಸ್ಟನ್ನಾ?”

“ಹೂಂ.”

ಸೀನು ಅವನ ಮುಖವನ್ನೇ ನೋಡಿದ. “ಊಟ ಆಯ್ತಾ ನಿಂದು?”

ಊಟ ಆಗಿರಲಿಲ್ಲ. ಸೀನು ತನ್ನ ಬುತ್ತಿಯಲ್ಲೇ ಅರ್ಧ ಕೊಟ್ಟು, ಆಮೇಲೆ ಅಟ್ಟದಿಂದ ಒಂದು ಬುಟ್ಟಿ ಇಳಿಸಿದ. ಅದರಲ್ಲಿದ್ದ ಮೋಟಾರ್‌ಸೈಕಲ್ಲಿನ ಡೂಪ್ಲಿಕೇಟ್ ಪಿಸ್ಟನ್ನನ್ನು ಚಿಕ್ಕಬೈರಪ್ಪ ಲೇತಿನಲ್ಲಿ ತಿರುವಿಸಿ ಸಿಲಿಂಡರಿಗೆ ಕೂರಿಸಿದ. ರಿಂಗುಗಳು ಔಷಧಿ ಹೊಡೆಯುವ ಪಂಪಿನವು. ಕಾರ್ಬುರೇಟರ್ ಯಾವುದೋ ಟೂರಿಂಗ್ ಟಾಕೀಸಿನ ಜನರೇಟರಿನದು. ಟ್ಯಾಂಕಿನ ಸಮಸ್ಯೆ ಬಂದಾಗ ಅವನ ಕಣ್ಣು ಅಡಿಗೆಮನೆಯ ಕಡೆ ಹೋಯಿತು. ಅಂದಿನಿಂದ ಮುನಿವೆಂಕಟಮ್ಮ ಸೌದೆ ಒಲೆಗೆ ಮರಳಿದಳು, ಗಂಡನ ಹತ್ತಿರ ಒಂದು ವಾರ ಮಾತು ಬಿಟ್ಟಳು. ಚೈನನ್ನು ಬೇಕಾದಾಗ ಬಿಡಿಸುವ ಕ್ಲಚ್ಚಿಗೆ ಮಾತ್ರ ಎಲ್ಲೂ ಜೋಡಿ ಸಿಗದೆ, ಇಂಜಿನ್ನಿಗೂ ಚೈನಿಗೂ ನೇರವಾಗಿ ಗಂಟು ಹಾಕಿದ.

ಡಿಪೋದಲ್ಲಿ ಪರೀಕ್ಷೆ ನಡೆಯಿತು. ಇಂಜಿನ್ನಿನ ಕಡೆ ಚಿಕ್ಕಬೈರಪ್ಪ, ಪಟ್ಟಿಯ ತುದಿಯ ಹಿಡಿಗೆ ಬೋರಣ್ಣ. ಹಗ್ಗ ಎಳೆದ ಕೂಡಲೇ ಅದು ಅಬ್ಬರಿಸಿತು. ಗ್ರೀಸಿಗೆ ಬದಲು ಸುರಿದ ಹರಳೆಣ್ಣೆ ಸುಟ್ಟು ಬೀದಿಯೆಲ್ಲ ಘಮಘಮ. ಇಬ್ಬರು ಆಳು ಅರ್ಧ ದಿನ ಕುಯ್ಯುವ ಮತ್ತಿಮರದ ದಿಮ್ಮಿ ನಾಲ್ಕು ನಿಮಿಷಕ್ಕೆ ಎರಡಾಯಿತು. ಚಿಕ್ಕಬೈರಪ್ಪ ಕಣ್ಣೀರು ಒರೆಸಿಕೊಂಡು ಸ್ವಿಚ್ ಆಫ್ ಮಾಡಿದ.

ಗರಗಸ ನಿಲ್ಲಲಿಲ್ಲ.

ಮೋಟಾರ್‌ಸೈಕಲ್ಲಿನ ಪಿಸ್ಟನ್ನಿನ ತಲೆ ಬೇಕಾದ್ದಕ್ಕಿಂತ ಒಂದು ನೂಲು, ಅಂದರೆ ಇಂಚಿನ ಎಂಟನೇ ಒಂದು ಪಾಲು, ಎತ್ತರ. ಅದು ಪೆಟ್ರೋಲನ್ನು ಎಷ್ಟು ಬಿಗಿಯಾಗಿ ಅದುಮುತ್ತಿತ್ತೆಂದರೆ, ಕಿಡಿ ಇಲ್ಲದೆಯೂ ಅದು ಆ ಕಾವಿಗೇ ಹೊತ್ತಿಕೊಳ್ಳುತ್ತಿತ್ತು. ಇಂಜಿನ್ ಉಸಿರೆಳೆಯುವ ಗಾಳಿಯ ಬಾಯಿ ಮುಚ್ಚೋಣವೆಂದರೆ ಅದು ತಿರುಗುವ ಚೈನಿನ ಪಕ್ಕದಲ್ಲೇ. ಕೆಳಗಿಡೋಣವೆಂದರೆ ನೆಲದ ಮೇಲೆ ತಾನೇ ಓಡುತ್ತದೆ. ಇಬ್ಬರೂ ಅದನ್ನು ಹಿಡಿದುಕೊಂಡೇ ನಿಂತರು.

“ನಿಲ್ಸೋ!” ಎಂದು ಕೊಟ್ರಪ್ಪ ಕೂಗಿದ.

“ನಿಲ್ತಿಲ್ಲ ಸಾವ್ಕಾರ್ರೇ!”

“ನಿಲ್ಸು ಅಂತ ಹೇಳ್ದೆ, ಸುದ್ದಿ ಹೇಳು ಅಂತಲ್ಲ!”

ಸುಮ್ಮನೆ ಹಿಡಿದು ನಿಂತರೆ ಗರಗಸ ತೋಳನ್ನೇ ಕಿತ್ತುಕೊಂಡು ಹೋಗುವಂತಿತ್ತು; ಮರ ಕೊಟ್ಟರೆ ಮಾತ್ರ ತೆಪ್ಪಗಿರುತ್ತಿತ್ತು. ಆದ್ದರಿಂದ ಇನ್ನೊಂದು ದಿಮ್ಮಿ ಕುಯ್ದರು, ಒಂದು ಬೆಂಚು ಕುಯ್ದರು, ಕೊಟ್ರಪ್ಪನ ಹೆಸರಿನ ಬೋರ್ಡು ಹೊತ್ತಿದ್ದ ಕಂಬ ಕುಯ್ದರು. ಆಗ ಪೆಟ್ರೋಲ್ ಮುಗಿಯಿತು. ಆಮೇಲೆ ಪೆಟ್ರೋಲ್ ತಡೆಯಲು ಟ್ಯಾಂಕಿಗೆ ನಲ್ಲಿ ಹಾಕಿ ನೋಡಿದರೂ ಅದು ಇಂಜಿನ್ನಿನ ನಡುಕಕ್ಕೆ ಮೂರನೇ ನಿಮಿಷಕ್ಕೆ ಕಳಚಿ ಬಿತ್ತು. ಕೊನೆಗೆ ಉಳಿದ ದಾರಿ ಒಂದೇ: ಮರ ನೋಡಿ, ಅದಕ್ಕೆ ಸರಿಯಾಗಿ ಅಳೆದು ಪೆಟ್ರೋಲ್ ಹಾಕುವುದು. ತೆಂಗಿಗೆ ಒಂದು ಪಾವು, ನೀಲಗಿರಿಗೆ ಒಂದೂವರೆ, ಹುಣಸೆಗೆ ದೇವರೇ ಗತಿ.

ಜಯನಗರದ ನಾಲ್ಕನೇ ಬ್ಲಾಕಿನ ಚಕ್ರಪಾಣಿಯವರ ಮನೆಯ ಮುಂದೆ ಒಂದು ಸಿಲ್ವರ್ ಓಕ್ ವಾಲಿಕೊಂಡಿತ್ತು. ಅವರು ನಿವೃತ್ತ ಸರ್ವೇಯರ್. ಅಂದಾಜಿನ ಪಾವು ಚಟಾಕುಗಳನ್ನು ಒಪ್ಪುವ ಜೀವವಲ್ಲ. ಟೇಪು ಹಿಡಿದು ಬುಡದ ಸುತ್ತಳತೆ, ಎತ್ತರ ಎಲ್ಲ ತೆಗೆದು, ಎರಡು ಹಾಳೆ ಲೆಕ್ಕ ಮಾಡಿ, ಮೂರು ಪಾವು ಎಂದರು. ಮರ ಬುಡದಿಂದ ತುದಿಯವರೆಗೆ ಒಂದೇ ದಪ್ಪವೆಂದು ಹಿಡಿದಿದ್ದರು. ಸರ್ಕಾರದಲ್ಲಿದ್ದವರು, ಚಿಕ್ಕಬೈರಪ್ಪ ಎದುರಾಡಲಿಲ್ಲ.

ಮರ ಬೀಳಬೇಕಾದ ಕಡೆಯೇ ಬಿತ್ತು. ತುಂಡು ತುಂಡೂ ಆಯಿತು. ಗರಗಸ ಇನ್ನೂ ಹಸಿದಿತ್ತು.

“ಏನೂಂದ್ರೆ, ಇದು ನಿಂತೇ ಇಲ್ವಲ್ಲ,” ಎಂದರು ಚಕ್ರಪಾಣಿಯವರ ಹೆಂಡತಿ ಅಲಮೇಲು.

“ಅಮ್ಮಾ, ಏನಾದ್ರೂ ಕುಯ್ಯೋದು ಕೊಡ್ರಮ್ಮಾ!” ಎಂದು ಬೋರಣ್ಣ ಗೋಗರೆದ.

ಅಲಮೇಲು ಸೌದೆ ತಂದರು. ಅದು ಮುಗಿಯಿತು. ಕಾಲು ಮುರಿದ ಮಣೆ, ಸೀಳಿದ ಒನಕೆ ತಂದರು. ಗಲಾಟೆಗೆ ಹೊರಬಂದ ಅಕ್ಕಪಕ್ಕದವರು ವಿಷಯ ತಿಳಿದು ಒಳಗೋಡಿದರು. ಹಳೇ ತೊಟ್ಟಿಲು ಬಂತು, ಗೆದ್ದಲು ಹಿಡಿದ ಮಂಚ ಬಂತು. ಎದುರುಮನೆಯ ಸೀತಾಲಕ್ಷ್ಮಿ ಒಂದು ಆರಾಮಕುರ್ಚಿಯನ್ನು ಎಳೆದುಕೊಂಡು ಬಂದರು. ತೇಗದ್ದು, ಪಾಲಿಶ್ ಮಿರುಗುತ್ತಿತ್ತು.

“ಇದು ಮುರಿದಿದ್ಯಾ ಅಮ್ಮಾ?” ಎಂದು ಚಿಕ್ಕಬೈರಪ್ಪ ಅನುಮಾನಿಸಿದ.

“ಇನ್ನೂ ಇಲ್ಲ. ಬೇಗ, ಅವರು ಸ್ನಾನಕ್ಕೆ ಹೋಗಿದಾರೆ.”

ಕುರ್ಚಿ ಸರಿಯಾಗಿ ಎರಡಾಗುವಾಗ ಪೆಟ್ರೋಲ್ ತೀರಿತು. ಆ ಮೌನದಲ್ಲಿ ಸೀತಾಲಕ್ಷ್ಮಿಯವರ ಗಂಡ ಸೇತುರಾಮ ಒದ್ದೆ ಪಂಚೆಯಲ್ಲೇ ಗೇಟಿಗೆ ಬಂದರು. ಹನ್ನೆರಡು ವರ್ಷದಿಂದ ಕಾಫಿ, ಪೇಪರು, ನಿದ್ದೆ ಎಲ್ಲವನ್ನೂ ಅವರು ಅದರಲ್ಲೇ ಪೂರೈಸಿದ್ದರು.

“ನನ್ ಕುರ್ಚಿ...”

“ಅದು ನಿಲ್ತಿರ್ಲಿಲ್ವಂತೆ,” ಎಂದರು ಸೀತಾಲಕ್ಷ್ಮಿ.

ಆ ವಾರದಿಂದ ಡಿಪೋಗೆ ಜಯನಗರದ ಹೆಂಗಸರು ಬರತೊಡಗಿದರು. ಕಡಿಸುವ ಮರ ಕೆಲವರ ಮನೆಯಲ್ಲಿ ಕೈಬೆರಳಿನಷ್ಟೇ ದಪ್ಪ. ಪೆಟ್ರೋಲ್ ಮಾತ್ರ ಧಾರಾಳವಾಗಿ ಹಾಕಿ ಎನ್ನುತ್ತಿದ್ದರು. ಕೊಟ್ರಪ್ಪ ಕುಣಿದಾಡಿದ. ಚಿಕ್ಕಬೈರಪ್ಪನಿಗೆ ಮಾತ್ರ ಅನ್ನ ಇಳಿಯಲಿಲ್ಲ. ತಾನು ಕಟ್ಟಿದ ಇಂಜಿನ್ ತನ್ನ ಮಾತು ಕೇಳುವುದಿಲ್ಲವೆಂದರೆ ತಾನೆಂಥ ಮೆಕ್ಯಾನಿಕ್ಕು! ಒಂದು ವರ್ಷ ಬಿಡುವಾದಾಗಲೆಲ್ಲ ಸೀನುವಿನ ಬುಟ್ಟಿಗಳನ್ನು ಜಾಲಾಡಿ, ಕೊನೆಗೆ ತಲೆ ಚಪ್ಪಟೆಯಿರುವ ಪಿಸ್ಟನ್ ಹುಡುಕಿದ. ಅದುಮುವ ಬಿಗಿ ತಗ್ಗಲೆಂದು ಸಿಲಿಂಡರ್ ಹೆಡ್ಡಿನ ಕೆಳಗೆ ತಾಮ್ರದ ತಗಡಿನ ಪ್ಯಾಕಿಂಗ್ ಕೊಟ್ಟ. ಸ್ವಿಚ್ ಒತ್ತಿದ. ನಿಂತಿತು. ಸುಳ್ಳಿರಬಹುದೆಂದು ಹನ್ನೊಂದು ಸಲ ಓಡಿಸಿ ಹನ್ನೊಂದು ಸಲ ನಿಲ್ಲಿಸಿದ. ಆ ದಿನ ಮಧ್ಯಾಹ್ನ ಎರಡು ಮುದ್ದೆ ಹೆಚ್ಚಿಗೆ ಉಂಡ.

ಮಾರನೆಯ ದಿನ ಮೂರನೇ ಬ್ಲಾಕಿನ ಉಮಾಮಹೇಶ್ವರಿಯವರ ಮನೆಯಲ್ಲಿ ಬೇವಿನ ಕೊಂಬೆ ಕಡಿಯುವುದಿತ್ತು. ಗೇಟಿನ ಹೊರಗೆ ಬೀದಿಯ ಹೆಂಗಸರು ಪೆಟ್ಟಿಗೆ, ಸ್ಟೂಲು, ಕನ್ನಡಿ ಚೌಕಟ್ಟು ಹಿಡಿದು ಕಾದಿದ್ದರು. ಕೊಂಬೆ ಬಿತ್ತು. ಚಿಕ್ಕಬೈರಪ್ಪ ಎಲ್ಲರೂ ನೋಡಲೆಂದು ಕೈಯೆತ್ತಿ ತೋರಿಸಿ ಸ್ವಿಚ್ ಒತ್ತಿದ. ಗರಗಸ ತಣ್ಣಗಾಯಿತು.

ಹೆಂಗಸರು ಹಿಡಿದಿದ್ದ ಪೆಟ್ಟಿಗೆ, ಸ್ಟೂಲುಗಳನ್ನು ಒಂದೊಂದಾಗಿ ಕೆಳಗಿಟ್ಟರು.

“ಮುಂಚಿನ ಮಿಷಿನ್ ಎಲ್ಲಿ?” ಎಂದರು ಉಮಾಮಹೇಶ್ವರಿ.

“ಇದೇ ಅಮ್ಮಾ. ರಿಪೇರಿ ಮಾಡ್ದೆ.”

“ಚೆನ್ನಾಗಿದ್ದನ್ನ ಯಾಕಪ್ಪಾ ರಿಪೇರಿ ಮಾಡ್ದೆ?”

“ಏನ್ ಕುಯ್ಬೇಕೋ ಹೇಳಿ ಅಮ್ಮಾ, ಕುಯ್ದುಕೊಡ್ತೀನಿ.”

ಅವರು ಜಗಲಿಯ ಕಡೆ ನೋಡಿ ದನಿ ತಗ್ಗಿಸಿದರು. ಅಲ್ಲಿ ಅತ್ತೆಯ ತೌರಿನಿಂದ ಬಂದ ಮರದ ಬೀರು ನಿಂತಿತ್ತು. ಮನೆಯ ಬಾಗಿಲಿಗೆ ಅರ್ಧ ಅಡ್ಡವಾಗಿಯೇ ನಿಂತಿತ್ತು. “ನಾನೇ ಹೇಳಿ ಕುಯ್ಸಿದ್ರೆ ನಾನೇ ಕುಯ್ಸಿದ ಹಾಗಾಗತ್ತೆ. ಅದು ನಿಲ್ಲಲ್ಲ ಅಂದ್ರೆ ಬೇರೆ ಮಾತು. ಅದಕ್ಕೆ ಯಾರೇನ್ ಮಾಡಕ್ಕಾಗತ್ತೆ?”

ಚಿಕ್ಕಬೈರಪ್ಪ ಬೀರುವನ್ನು ನೋಡಿದ, ಕಾದು ನಿಂತ ಹೆಂಗಸರನ್ನು ನೋಡಿದ. ಒಂದು ವರ್ಷದ ಶ್ರಮವೆಲ್ಲ ಬೆರಳ ತುದಿಯಲ್ಲಿ ಜುಮ್ಮೆಂದಿತು. ಆಮೇಲೆ ಹಗ್ಗ ಎಳೆದ.

“ಅಯ್ಯಯ್ಯೋ, ನಿಲ್ತಾನೇ ಇಲ್ವಲ್ಲಮ್ಮಾ!” ಎಂದು ಬೀದಿಗೆಲ್ಲ ಕೇಳುವಂತೆ ಕೂಗಿದ.

ಬೋರಣ್ಣ ಗಾಬರಿಯಾದ. “ಭಾವ, ಸ್ವಿಚ್ಚು! ಕೈಹತ್ರಾನೇ ಇದೆ!”

“ಗೊತ್ತು ಕಣೋ. ಬಿಗಿಯಾಗ್ ಹಿಡ್ಕೊ, ಬೀರು ದಪ್ಪ ಇದೆ.”

ಅಲ್ಲಿಂದ ಮುಂದೆ ಆರು ವರ್ಷ, ಪಟ್ಟಿ ಸವೆದು ಸೊಟ್ಟಗಾಗುವವರೆಗೆ, ಆ ಗರಗಸ ಜಯನಗರದಲ್ಲಿ ಒಮ್ಮೆಯೂ ಸ್ವಿಚ್ಚಿಗೆ ನಿಲ್ಲಲಿಲ್ಲ. ಹರಳೆಣ್ಣೆ ವಾಸನೆ ಬಂದರೆ ಸಾಕು, ಯಜಮಾನರುಗಳು ಕೈಯಲ್ಲಿದ್ದ ಕೆಲಸ ಬಿಟ್ಟು ತಮ್ಮ ತಮ್ಮ ಸಾಮಾನಿನ ಮೇಲೆ ಹತ್ತಿ ಕೂರುತ್ತಿದ್ದರು. ಅವರಲ್ಲಿ ಧೈರ್ಯಸ್ಥರು ಯಾರಾದರೂ ಬಂದು, ಇದನ್ನು ಸರಿಮಾಡಲು ಆಗುವುದೇ ಇಲ್ಲವೇ ಎಂದು ಕೇಳಿದರೆ, ಚಿಕ್ಕಬೈರಪ್ಪ ಬೀಡಿ ಬಾಯಿಂದ ತೆಗೆದು ವಿನಯದಿಂದ ಹೇಳುತ್ತಿದ್ದ:

“ಪಾರ್ಟ್ ಸಿಗ್ತಿಲ್ಲ ಸಾರ್.”