ಎರಡು ಚಾಕಿಯ ನೋಟಿಸು

ಎಂಬತ್ತರ ದಶಕದ ಕೊನೆಯಲ್ಲಿ ನಾನು ಮೇಲೂರಿನ ಹತ್ತಿರ ಒಂದು ಚಾಕಿ ಮನೆಯಲ್ಲಿ ಕೆಲಸಕ್ಕಿದ್ದೆ. ರೇಷ್ಮೆ ಮೊಟ್ಟೆ ಒಡೆದು ಹೊರಬರುವ ಮರಿಗಳು ಇರುವೆಗಿಂತ ಸಣ್ಣವು. ಅವನ್ನು ಎರಡನೇ ಜ್ವರ ಏಳುವ ತನಕ ಸಾಕಿ ರೈತರಿಗೆ ಕೊಡುವುದು ನಮ್ಮ ಕಸುಬು. ಜ್ವರ ಅಂದರೆ ಕಾಯಿಲೆಯಲ್ಲ, ಹುಳು ಹಿಪ್ಪುನೇರಳೆ ಸೊಪ್ಪು ತಿನ್ನುವುದು ಬಿಟ್ಟು, ತಲೆ ಎತ್ತಿ ನಿಂತು, ಪೊರೆ ಕಳಚುವ ಹೊತ್ತು. ಹತ್ತು ಹನ್ನೆರಡು ದಿನದ ಅಂಥ ಒಂದು ಸರದಿಗೆ ಒಂದು ಚಾಕಿ ಎನ್ನುತ್ತಿದ್ದೆವು. ಸಂಬಳ, ರಜೆ, ಹಬ್ಬಕ್ಕೆ ಊರಿಗೆ ಹೋಗುವುದು ಎಲ್ಲವೂ ಚಾಕಿಯ ಲೆಕ್ಕದಲ್ಲೇ. ಕೆಲಸ ಬಿಡುವುದೂ ಅಷ್ಟೆ. "ಬಿಡೋದಾದ್ರೆ ಎರಡು ಚಾಕಿ ಮುಂಚೆ ಹೇಳ್ಬೇಕಮ್ಮ, ಆಮೇಲೆ ನಿನ್ನ ದಾರಿ ನಿಂದು" ಎಂದು ಯಜಮಾನರು ಸೇರಿಸಿಕೊಂಡ ದಿನವೇ ಹೇಳಿದ್ದರು. ನಾನು ಖುಷಿಯಲ್ಲಿ ಆಗಲಿ ಅಂದಿದ್ದೆ.

ಅಮ್ಮ ಗೌರಿಬಿದನೂರಿನಲ್ಲಿ ನನ್ನ ತಮ್ಮನ ಜೊತೆ ಇದ್ದಳು. ಅಪ್ಪ ನಾವು ಸಣ್ಣವರಿದ್ದಾಗಲೇ ತೀರಿಕೊಂಡಿದ್ದ. ತಮ್ಮನಿಗೆ ಇನ್ನೂ ಮದುವೆಯಾಗಿರಲಿಲ್ಲ, ಒಂದು ಕಾರ್ಖಾನೆಯಲ್ಲಿ ಪಾಳಿಯ ಮೇಲೆ ದುಡಿಯುತ್ತಿದ್ದ. ಒಂದು ಬೆಳಿಗ್ಗೆ ಬಾಗಿಲಿಗೆ ನೀರು ಹಾಕುತ್ತಿದ್ದ ಅಮ್ಮ ಅಲ್ಲೇ ಕುಸಿದಳಂತೆ. ಬಲಗಡೆಯ ಕೈಕಾಲು ಬಿದ್ದುಹೋಯಿತು, ಮಾತು ನಿಂತಿತು. ನಮ್ಮ ಮನೆಯಲ್ಲಿ ತೆಲುಗು, ಕನ್ನಡ ಎರಡನ್ನೂ ಕಲಸಿ ಆಡುತ್ತಿದ್ದೆವು. ಅಷ್ಟು ವಾಚಾಳಿಯಾದ ಹೆಂಗಸಿನ ಬಾಯಲ್ಲಿ ಕೊನೆಗೆ ಉಳಿದದ್ದು ತೆಲುಗಿನ ಒಂದೇ ಮಾತು, 'ವದ್ದು'. ಬೇಡ.

ಆಸ್ಪತ್ರೆಯಿಂದ ಮನೆಗೆ ಕರೆತಂದ ಸ್ವಲ್ಪ ದಿನಕ್ಕೆ ತಮ್ಮ ಮೇಲೂರಿಗೆ ಬಂದ. ಚಾಕಿ ಮನೆಯ ಹೊರಗೆ, ಸೊಪ್ಪಿನ ಮೂಟೆಗಳ ಪಕ್ಕ ನಿಂತು, ನನ್ನ ಮುಖ ನೋಡದೆ ಹೇಳಿದ: "ಅಕ್ಕಾ, ಅಮ್ಮ ನೀರೇ ಕುಡೀತಿಲ್ಲ."

ನುಂಗೋಕೆ ಆಗಲ್ವಾ ಎಂದು ಕೇಳಿದೆ. ಅದಲ್ಲ ಎಂದ. ಪಕ್ಕದ ಮನೆಯ ಅತ್ತೆ ಬೆಳಿಗ್ಗೆ ಒಂದು ಸಲ ಬಂದು ಮೈ ಒರೆಸಿ, ಸೀರೆ ಬದಲಾಯಿಸಿ ಹೋಗುತ್ತಿದ್ದರು. ಅವರಿಗೂ ಅವರ ಸಂಸಾರವಿತ್ತಲ್ಲ. ಉಳಿದ ಹೊತ್ತು ಮನೆಯಲ್ಲಿ ಮಗನೊಬ್ಬನೇ. "ಒದ್ದೆ ಆದ್ರೆ ನಾನೇ ಬಟ್ಟೆ ತೆಗೀಬೇಕಲ್ಲಕ್ಕಾ. ನಾನು ಕೈ ಹಾಕಿದ್ರೆ ಕಣ್ಣು ಮುಚ್ಕೊಂಡು ಅಳ್ತಾಳೆ. ಅದಕ್ಕೇ ಕುಡಿಯಲ್ಲ. ಲೋಟ ತಂದ್ರೆ ವದ್ದು ಅಂತಾಳೆ." ಮೀಸೆ ಬಂದ ಹುಡುಗ, ಸೊಪ್ಪಿನ ಮೂಟೆಗೆ ಒರಗಿಕೊಂಡು ಗೊಳೋ ಎಂದು ಅತ್ತ.

ಅವತ್ತು ಸಂಜೆಯೇ ಯಜಮಾನರ ಮುಂದೆ ಹೋಗಿ ನಿಂತೆ. ಅವರು ಕೆಟ್ಟವರಲ್ಲ. ಅಮ್ಮನ ಸುದ್ದಿ ಕೇಳಿ ಅಯ್ಯೋ ಎಂದರು, ಕುರ್ಚಿ ಕೊಡಿಸಿದರು, ಕಾಫಿ ತರಿಸಿದರು. ಆಮೇಲೆ, "ಎರಡು ಚಾಕಿ ಮುಗಿಸ್ಕೊಡಮ್ಮ, ನಾನೇ ಖುದ್ದಾಗಿ ಬಸ್ ಹತ್ತಿಸ್ತೀನಿ" ಅಂದರು.

ನಮ್ಮಮ್ಮನ ಕಾಯಿಲೆ ಎರಡು ಚಾಕಿ ಮುಂಚೆ ಹೇಳಿ ಬರಲಿಲ್ಲ ಯಜಮಾನ್ರೇ ಅಂದೆ. ನನ್ನ ನಾಲಗೆ ಆಗಲೇ ಹಾಗಿತ್ತು. ಅವರು ಬೇಸರ ಮಾಡಿಕೊಳ್ಳಲಿಲ್ಲ, ಲೆಕ್ಕಕ್ಕೆ ಇಳಿದರು. ಹೊಸ ಮೊಟ್ಟೆ ಬಂದು ಪೆಟ್ಟಿಗೆಯಲ್ಲಿತ್ತು. ಅದು ನಾನು ಹೇಳುವ ಮುಂಚೆಯೇ ಬಂದದ್ದು, ಹಾಗಾಗಿ ಆ ಚಾಕಿ ನೋಟಿಸಿಗೆ ಸೇರುವುದಿಲ್ಲ, ಅದರ ಮುಂದಿನದರಿಂದ ಎಣಿಸಬೇಕು ಎಂದರು. ಮರಿ ಇನ್ನೂ ಕಣ್ಣೇ ಬಿಟ್ಟಿಲ್ಲ, ಇದೇ ಮೊದಲನೇದು ಎಂದು ನಾನು ವಾದಿಸಿದೆ. ಅಲ್ಲಿ ಗೌರಿಬಿದನೂರಿನಲ್ಲಿ ನಮ್ಮಮ್ಮ ತುಟಿ ಒಣಗಿಸಿಕೊಂಡು ಮಲಗಿದ್ದಳು, ಇಲ್ಲಿ ನಾವಿಬ್ಬರು ಒಡೆಯದ ಮೊಟ್ಟೆಯ ಮೇಲೆ ಜಗಳವಾಡುತ್ತಿದ್ದೆವು. ಈಗ ನೆನೆದರೂ ಮೈ ಉರಿಯುತ್ತದೆ.

ಅವರ ನಾದಿನಿಯ ಮಗಳು ನನ್ನ ಕೈಕೆಳಗೇ ಕೆಲಸ ಕಲಿಯುತ್ತಿದ್ದಳು. ಅವಳಿಗೆ ವಹಿಸಿ ಹೋಗುತ್ತೇನೆ ಎಂದೆ. "ಸೊಪ್ಪು ಹೆಚ್ತಾಳೆ ಕಣಮ್ಮ, ಇಲ್ಲ ಅನ್ನಲ್ಲ. ನಿನ್ನ ಕೈಗುಣ ಅವಳಿಗೆ ಎಲ್ಲಿಂದ ತರ್ಲಿ? ನಡುವೆ ಕೈ ಬದಲಾಯ್ತು ಅಂತ ಗೊತ್ತಾದ್ರೆ ರೈತರು ಇನ್ನೊಬ್ಬರ ಹತ್ರ ಹೋಗ್ತಾರೆ." ನಮ್ಮ ಕಡೆ ಅದೊಂದು ನಂಬಿಕೆ. ಮರಿಯನ್ನು ಕೋಳಿಗರಿಯಿಂದ ಸವರಿ ತಟ್ಟೆಗೆ ಇಳಿಸಿದ ಕೈಯೇ ಜ್ವರ ಏಳಿಸಬೇಕು, ನಡುವೆ ಕೈ ಬದಲಾದರೆ ಹುಳು ಒಪ್ಪುವುದಿಲ್ಲ. ನಾನೂ ನಂಬಿದ್ದೆ. ನನ್ನ ಕೈಗುಣದ ಮಾತು ಯಾರಾದರೂ ಎತ್ತಿದರೆ ಒಳಗೊಳಗೇ ಉಬ್ಬುತ್ತಿದ್ದೆ ಕೂಡ.

ಕೊನೆಗೆ ಮಾತು ನನ್ನ ಸೋದರಮಾವನ ತನಕ ಹೋಯಿತು. ಶಿಡ್ಲಘಟ್ಟದ ಪಕ್ಕದ ಹಳ್ಳಿಯಲ್ಲಿ ಹುಳ ಸಾಕುತ್ತಿದ್ದವರು, ನನ್ನನ್ನು ಕೆಲಸಕ್ಕೆ ಸೇರಿಸಿದ್ದೂ ಅವರೇ, ಅಮ್ಮನ ಒಡಹುಟ್ಟಿದ ತಮ್ಮ. ಅವರು ಬಂದು ಯಜಮಾನರ ಜಗಲಿಯಲ್ಲಿ ಕೂತು ರಾಜಿ ಮಾಡಿದರು. ಈಗಿನ ಮೊಟ್ಟೆಯನ್ನೂ ಲೆಕ್ಕಕ್ಕೆ ಹಿಡಿಯುವುದು, ಅದಾದ ಮೇಲೆ ಇನ್ನೊಂದು ಚಾಕಿ ಮುಗಿಸಿ ನಾನು ಹೊರಡುವುದು. ಎಲೆ ಅಡಿಕೆ ಹಾಕಿಕೊಂಡು ಎದ್ದರು. ಆ ಇನ್ನೊಂದು ಚಾಕಿಯಲ್ಲಿ ಮಾವ ತಮ್ಮ ಸಾಕಣೆಗೆಂದು ಹೇಳಿಟ್ಟಿದ್ದ ಮೊಟ್ಟೆಯೂ ಸೇರಿತ್ತು. "ಅಕ್ಕ ಗಟ್ಟಿ ಜೀವ ಕಣಮ್ಮ, ಏನೂ ಆಗಲ್ಲ. ಕೊಟ್ಟ ಮಾತಿಗೆ ತಪ್ಪಿದ್ರೆ ನಾಳೆ ನಾನು ಇವರ ಮುಂದೆ ತಲೆ ಎತ್ತಂಗಿಲ್ಲ" ಅಂದರು. ಹಿರಿಯರು ಮಾತಾಡಿ ಎದ್ದ ಮೇಲೆ ನಮ್ಮಂಥವರಿಗೆ ಮತ್ತೇನು ಮಾತು.

ಮೊದಲನೇ ಚಾಕಿ ಹೋಯಿತು. ಚಾಕಿ ಮನೆ ತೊಳೆದು ಔಷಧಿ ಹೊಡೆಯುವ ಬಿಡುವಿನಲ್ಲಿ ಒಂದು ದಿನ ರಜೆ ಸಿಕ್ಕಿತು. ಚಿಕ್ಕಬಳ್ಳಾಪುರದಲ್ಲಿ ಬಸ್ಸು ಬದಲಾಯಿಸಿ ಮಧ್ಯಾಹ್ನದ ಹೊತ್ತಿಗೆ ಮನೆ ಸೇರಿದೆ. ಅಮ್ಮ ಹಾಸಿಗೆಯಲ್ಲಿ ಮಗುವಿನಷ್ಟಾಗಿದ್ದಳು. ನಾನು ಬಾಗಿಲು ಹಾಕಿ, ತಲೆಗೆ ಕೈಕೊಟ್ಟು ಎತ್ತಿ, ಲೋಟ ಬಾಯಿಗಿಟ್ಟೆ. ಗಟಗಟ ಕುಡಿದಳು. ಇನ್ನೊಂದು ಲೋಟ ಕೊಟ್ಟೆ, ಅದನ್ನೂ ಕುಡಿದಳು. ಆಮೇಲೆ ಹಾಸಿಗೆ ಒದ್ದೆಯಾದಾಗ ನನ್ನ ಮುಖ ನೋಡಿ ಒಂದು ಕಡೆಯ ತುಟಿಯಲ್ಲೇ ನಕ್ಕಳು. ಸಂಜೆಯ ಬಸ್ಸಿಗೆ ಎದ್ದಾಗ ಎಡಗೈಯಿಂದ ನನ್ನ ಸೆರಗು ಹಿಡಿದುಕೊಂಡಳು. ವದ್ದು, ವದ್ದು ಅಂದಳು. ಬೆರಳು ಒಂದೊಂದಾಗಿ ಬಿಡಿಸಿಕೊಂಡು ಬಂದೆ. ಮೇಲೂರಿನಲ್ಲಿ ಮೊಟ್ಟೆ ಕಪ್ಪಾಗುತ್ತಿತ್ತು, ಒಡೆಯುವ ಹೊತ್ತು ಹತ್ತಿರವಾಗಿತ್ತು.

ಎರಡನೇ ಚಾಕಿಯ ಹುಳು ಮೊದಲನೇ ಜ್ವರ ಎದ್ದು ಚೆನ್ನಾಗಿ ಸೊಪ್ಪು ತಿನ್ನುತ್ತಿತ್ತು. ನಾನು ಒಳಗೆ ಕೂತು ಎಳೆ ಸೊಪ್ಪು ಹೆಚ್ಚುತ್ತಿದ್ದೆ. ಅಂಗಳದಿಂದ ಯಜಮಾನರು ಕರೆದರು. ನಾನು ಹೊಸ್ತಿಲು ದಾಟಿ ನಾಲ್ಕು ಹೆಜ್ಜೆ ಆಚೆ ಬಂದ ಮೇಲೆ ಹೇಳಿದರು. ಅವರ ಮನೆಗೆ ಫೋನು ಬಂದಿತ್ತು, ಅಮ್ಮ ಬೆಳಿಗ್ಗೆ ಹೋಗಿಬಿಟ್ಟಿದ್ದಳು.

ನನಗೆ ಏನು ತೋಚಿತೋ, ಕೈಯಲ್ಲಿದ್ದ ಕೆಲಸ ನೆನಪಾಯಿತು. ಹೆಚ್ಚಿದ ಸೊಪ್ಪು ಹಾಗೇ ಇದೆ, ಬಾಡುತ್ತದೆ ಎಂದು ಒಳಗೆ ತಿರುಗಿದೆ. ಯಜಮಾನರು ಗಾಬರಿಯಾಗಿ ಅಡ್ಡ ಬಂದರು. "ಬೇಡಮ್ಮ, ಒಳಕ್ಕೆ ಹೋಗ್ಬೇಡ. ಸೂತಕ. ಹುಳ ಇದೆ."

ಹುಳದ ಮನೆಗೆ ಮಡಿ ಜಾಸ್ತಿ. ತಮ್ಮವರ ಸಾವಿನ ಸುದ್ದಿ ಕಿವಿಗೆ ಬಿದ್ದವರು ಅದರೊಳಗೆ ಕಾಲಿಡುವಂತಿಲ್ಲ. ನನ್ನ ಚೀಲವನ್ನು ಯಾರೋ ಹೊರಗೆ ತಂದಿಟ್ಟರು. ನಾದಿನಿಯ ಮಗಳು ಕೈಕಾಲು ತೊಳೆದುಕೊಂಡು ಒಳಗೆ ಹೋದಳು, ಮಣೆಯ ಮುಂದೆ ಕೂತು ಸೊಪ್ಪು ಹೆಚ್ಚುವ ಸದ್ದು ಹೊರಗೆ ಕೇಳಿಸಿತು. ನೋಟಿಸು, ಕೈಗುಣ, ಕೊಟ್ಟ ಮಾತು, ಯಾವುದನ್ನೂ ಯಾರೂ ಎತ್ತಲಿಲ್ಲ. ಬದುಕಿದ್ದ ಅಮ್ಮನಿಗಾಗಿ ಬಿಡಿಸಿಕೊಳ್ಳಲಾಗದ ಕೆಲಸ, ಅವಳು ಸತ್ತಳು ಅಂದ ಕೂಡಲೇ ನನ್ನನ್ನು ಬಿಟ್ಟಿತ್ತು. ಯಜಮಾನರು ಮಾತು ಉಳಿಸಿಕೊಂಡರು. ತಾವೇ ಸ್ಕೂಟರಿನಲ್ಲಿ ಶಿಡ್ಲಘಟ್ಟದವರೆಗೆ ಕರೆತಂದು ಬಸ್ಸು ಹತ್ತಿಸಿದರು. ದಾರಿಯುದ್ದಕ್ಕೂ ಕಣ್ಣೊರೆಸಿಕೊಳ್ಳುತ್ತಿದ್ದರು. ಅವರನ್ನು ಬೈಯಲೂ ನನ್ನಿಂದ ಆಗಲಿಲ್ಲ.

ಗೌರಿಬಿದನೂರಿನಲ್ಲಿ ನನಗಾಗಿಯೇ ಕಾದಿದ್ದರು. ಮಗಳು ಬಂದಳು, ಇನ್ನು ಸ್ನಾನ ಮಾಡಿಸಿ ಅಂದರು. ಹೆಂಗಸರು ಸುತ್ತ ಸೀರೆ ಅಡ್ಡ ಹಿಡಿದರು. ಅಮ್ಮನನ್ನು ಮಣೆಯ ಮೇಲೆ ಒರಗಿಸಿ, ಕತ್ತು, ಬೆನ್ನು, ಆ ಬಿದ್ದುಹೋದ ಕೈ, ಎಲ್ಲವನ್ನೂ ನಾನೇ ತಿಕ್ಕಿ ತೊಳೆದೆ. ಅಳು ಬರಲಿಲ್ಲ. ಅವಳ ತುಟಿ ಒಡೆದು ರಕ್ತ ಕರೆಗಟ್ಟಿತ್ತು, ಅದನ್ನು ಬೆರಳಲ್ಲಿ ನೆನೆಸಿ ನೆನೆಸಿ ಬಿಡಿಸಿದೆ.

ಸೀರೆಯ ಆಚೆಯಿಂದ ಬಿಂದಿಗೆ ಒಂದಾದ ಮೇಲೊಂದು ಬರುತ್ತಿತ್ತು. ಬೀದಿಯ ನಲ್ಲಿಯಿಂದ ಹೊತ್ತು ತರುತ್ತಿದ್ದವರು ಮಾವ. "ಸಾಕೇನಮ್ಮ ನೀರು?" ಎಂದು ಕೇಳಿದರು.

"ಸಾಲದು ಮಾವ, ಇನ್ನೂ ತನ್ನಿ" ಅಂದೆ.