ಲಾಭದಿಂದ ಎಣಿಸಿದ ಲೆಕ್ಕ

ಕನ್ನೊಳ್ಳಿಯಿಂದ ಹೊಲದ ದಾರಿ ಹಿಡಿದರೆ ದಾನೇಶ್ವರಿಯ ಮನೆ ದೂರದಿಂದಲೇ ಕಾಣುತ್ತದೆ. ಆದರೆ ದಾರಿ ಹಿಡಿದು ಬರುವವರು ಯಾರು? ಹಾಲಿನವನು ರಸ್ತೆಯಲ್ಲೇ ನಿಂತು ಹಾರ್ನ್ ಹೊಡೆಯುತ್ತಾನೆ. ಕೊರಿಯರಿನವನು ಸಿಂದಗಿಯಿಂದ ಫೋನ್ ಮಾಡಿ, “ಅಕ್ಕಾರ, ನೀವಽ ಬಂದು ಒಯ್ರಿ” ಎನ್ನುತ್ತಾನೆ. ಮಳೆ ಬಿತ್ತೆಂದರೆ ಅಲ್ಲಿನ ಎರೆಮಣ್ಣು ಕಾಲಿನ ಚಪ್ಪಲಿಯನ್ನಷ್ಟೇ ಅಲ್ಲ, ನೆಂಟಸ್ತಿಕೆಯನ್ನೂ ಕಿತ್ತುಕೊಳ್ಳುತ್ತದೆ.

ಗಂಡ ಸಿದ್ದಲಿಂಗ ಕೊಯ್ಲಿನ ಯಂತ್ರ ಓಡಿಸುವವನು. ಕಡಲೆ, ತೊಗರಿ, ಭತ್ತ ಎಂದು ಯಂತ್ರ ಹೋದ ಜಿಲ್ಲೆಗೆಲ್ಲ ಅವನೂ ಹೋಗಬೇಕು. ಫೋನಿನಲ್ಲಿ “ಉಂಡ್ಯಾ? ಕೂಸು ಉಂಡತೇನು?” ಎಂದು ಕೇಳುವಷ್ಟರಲ್ಲಿ ಆ ಕಡೆ ಯಾರೋ ಅವನನ್ನು ಕೂಗುತ್ತಾರೆ. ಒಳ್ಳೆಯ ಮನುಷ್ಯ. ಮನೆಯಲ್ಲಿ ಇರುವುದಿಲ್ಲ ಎನ್ನುವುದೊಂದೇ ದೋಷ.

ದಾನೇಶ್ವರಿ ನಾಲತವಾಡದವಳು. ದಿನಾ ಬಸ್ಸಿನಲ್ಲಿ ಮುದ್ದೇಬಿಹಾಳಕ್ಕೆ ಹೋಗಿ ಬಿ.ಎಸ್ಸಿ. ಮುಗಿಸಿದವಳು, ಗಣಿತವೆಂದರೆ ಊಟ ಮರೆಯುತ್ತಿದ್ದವಳು. ಸಂಜೆಯಾದರೆ ತವರಿನ ಕಟ್ಟೆಯ ಮೇಲೆ ಓಣಿಯ ಮಕ್ಕಳನ್ನು ಕೂಡಿಸಿಕೊಂಡು ಲೆಕ್ಕ ಹೇಳಿಕೊಡುತ್ತಿದ್ದಳು. ಅವಳಿಗೆ ಇದ್ದದ್ದು ಒಂದೇ ಕೆಟ್ಟ ಚಟ: ಮಗು ಬಾಯಿ ತೆರೆಯುವ ಮೊದಲೇ ಉತ್ತರವನ್ನು ತಾನೇ ಹೇಳಿಬಿಡುವುದು. ತಂದೆ ಶ್ರೀಶೈಲಪ್ಪ, “ಪರೀಕ್ಷಾನೂ ನೀನಽ ಬರಿಯಾಕ ಹೋಗ್ತಿಯೇನವಾ?” ಎಂದು ಚೇಷ್ಟೆ ಮಾಡುತ್ತಿದ್ದರು. ಮದುವೆಯಾಗಿ ಹೊಲದ ಮನೆಗೆ ಬಂದ ಮೇಲೆ ಆ ವಿದ್ಯೆ ಟ್ರಂಕಿನೊಳಗೆ ಮಡಿಸಿಟ್ಟ ರೇಷ್ಮೆ ಸೀರೆಯಂತಾಯಿತು. ಸೊಸೆ ಓದಿದವಳು ಎಂದು ಅತ್ತೆ ರುಕ್ಮವ್ವನಿಗೆ ಗೊತ್ತಿತ್ತು. ಏನು ಓದಿದ್ದಾಳೆ ಎಂದು ಆ ಮನೆಯಲ್ಲಿ ಯಾರೂ ಕೇಳಲಿಲ್ಲ, ಅವಳೂ ಹೇಳಲಿಲ್ಲ.

ಮಗಳು ಕಾವೇರಿ ಎರಡನೆಯ ಇಯತ್ತೆಯವರೆಗೆ ವ್ಯಾನಿನಲ್ಲಿ ಸಿಂದಗಿಯ ಶಾಲೆಗೆ ಹೋಗುತ್ತಿದ್ದಳು. ಕೊರೋನಾ ಬಂತು, ವ್ಯಾನು ನಿಂತಿತು. ಕೊರೋನಾ ಹೋಯಿತು, ವ್ಯಾನಿನವನು ಈ ದಾರಿಗೆ ಬರಲೊಲ್ಲೆ ಎಂದ. ಮನಸ್ಸಿದ್ದರೆ ದಾನೇಶ್ವರಿ ತಾನೇ ಸ್ಕೂಟಿಯಲ್ಲಿ ಬಿಟ್ಟು ಬರಬಹುದಿತ್ತು. ಕೇಳಿದವರಿಗೆಲ್ಲ ಅವಳು ದಾರಿಯ ಕತೆ ಹೇಳಿದಳು. ನಿಜ ಬೇರೆಯೇ ಇತ್ತು. ಗಂಡ ಊರಲ್ಲಿಲ್ಲ, ಅತ್ತೆ ಸೊಸೆಗಿಂತ ಹೆಚ್ಚು ಎಮ್ಮೆಯ ಜೊತೆ ಮಾತಾಡುತ್ತಾಳೆ, ಮಗಳೂ ಹೋದರೆ ಇಡೀ ಹಗಲು ತಾನು ಯಾರ ಮುಖ ನೋಡಬೇಕು? ಸಂಗಡಕ್ಕೊಬ್ಬರು ಬೇಕೆಂದು ಮಗಳನ್ನು ಮನೆಯಲ್ಲಿ ಇಟ್ಟುಕೊಂಡಳು. ಇದರಲ್ಲಿ ತಪ್ಪು ಹುಡುಕುವವರು ಒಂದು ಮಳೆಗಾಲ ಆ ಮನೆಯಲ್ಲಿದ್ದು ಆಮೇಲೆ ಮಾತಾಡಲಿ.

ಮನೆಯಲ್ಲೇ ಮಕ್ಕಳನ್ನು ಓದಿಸುವ ತಾಯಂದಿರ ಗುಂಪೊಂದು ಅವಳಿಗೆ ಫೋನಿನಲ್ಲಿ ಸಿಕ್ಕಿತು. ಸ್ವಕಲಿಕೆಯ ಗಣಿತದ ಪುಸ್ತಕಗಳನ್ನು ತರಿಸಿಕೊಂಡದ್ದೂ ಅಲ್ಲಿಂದಲೇ. ಮಗು ಪಾಠವನ್ನು ತಾನೇ ಓದಬೇಕು, ತಾನೇ ಲೆಕ್ಕ ಮಾಡಬೇಕು, ಹಿಂದಿನ ಪುಟಗಳಲ್ಲಿ ಉತ್ತರ ನೋಡಿ ತಾನೇ ತಿದ್ದಿಕೊಳ್ಳಬೇಕು. ಗುಂಪಿನ ಹಿರಿಯಕ್ಕ ಧ್ವನಿಸಂದೇಶದಲ್ಲಿ ಖಡಾಖಂಡಿತವಾಗಿ ಹೇಳಿದ್ದಳು: ತಾಯಿ ನಡುವೆ ಬಾಯಿ ಹಾಕಬಾರದು, ನೀವು ಹೇಳಿಕೊಟ್ಟಷ್ಟೂ ಮಗು ಕುಂಟುತ್ತದೆ. ದಾನೇಶ್ವರಿಗೆ ಅದು ತನ್ನ ಚಟ ನೋಡಿಯೇ ಹೇಳಿದಂತೆ ಕೇಳಿಸಿತು. ಬಾಯಿಗೆ ಬೀಗ ಹಾಕಿಕೊಂಡಳು. ಮಗಳಿಗೂ ತಾಕೀತು ಮಾಡಿದಳು: “ನನ್ನ ಕೇಳಬ್ಯಾಡ. ನೀನಽ ಹುಡುಕು.”

ಕಾವೇರಿ ಕೇಳಲಿಲ್ಲ. ಬೆಳಗಿನ ರೊಟ್ಟಿಯಾದ ಕೂಡಲೇ ಪಡಸಾಲೆಯ ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ಕೂತುಬಿಡುತ್ತಿದ್ದಳು. ದಾನೇಶ್ವರಿ ಇತ್ತ ಬಾಗಿಲ ಬಳಿ ಜೋಳ ಹಸನು ಮಾಡುತ್ತ ಕೂರುತ್ತಿದ್ದಳು. ಆಗಾಗ ಮಗಳ ಫೋಟೋ ತೆಗೆದು ಗುಂಪಿಗೆ ಕಳಿಸಿದರೆ ಕೆಂಪು ಹೃದಯಗಳು ಬಂದು ಬೀಳುತ್ತಿದ್ದವು. ಅದನ್ನೇ ನೋಡಿ ಹಿಗ್ಗುತ್ತಿದ್ದಳು. ಸಂಗಡಕ್ಕೆಂದು ಮಗಳನ್ನು ಇಟ್ಟುಕೊಂಡವಳಿಗೆ ದಿನವಿಡೀ ಸಿಕ್ಕಿದ್ದು ಮಗಳ ಬೆನ್ನು.

ಕಾವೇರಿ ಬಾಯಿ ಬಿಡುತ್ತಿದ್ದುದು ಅಜ್ಜಿ ರುಕ್ಮವ್ವನ ಹತ್ತಿರ ಮಾತ್ರ. ಅವಳನ್ನು ‘ಆಯಿ’ ಎನ್ನುತ್ತಿದ್ದಳು. ಆಯಿ ಎಮ್ಮೆಗೆ ಮೇವು ಹಾಕುವಾಗ, ಕಾಳು ಅಳೆಯುವಾಗ ಇವಳು ಬಾಲದಂತೆ ಹಿಂದೆ. ಹೋದ ವರ್ಷ ಆಯಿ ತೀರಿಕೊಂಡಳು. ಹುಡುಗಿ ಎಲ್ಲರೆದುರು ಅಳಲಿಲ್ಲ. ಮಾತು ಮಾತ್ರ ಇನ್ನಷ್ಟು ಕಡಿಮೆಯಾಯಿತು. ಆಮೇಲೆ ಆ ಮನೆಯಲ್ಲಿ ಜೋರಾಗಿ ಮಾತಾಡುವುದೆಂದರೆ ಕುಕ್ಕರ್ ಒಂದೇ.

ಈ ಸಲ ಬಂದ ಮೇಲಿನ ತರಗತಿಯ ಪುಸ್ತಕದ ಹಿಂದೆ ಉತ್ತರಗಳಿರಲಿಲ್ಲ. ಬೇಕಾದವರು ಫೋನಿನಲ್ಲಿ ಇಳಿಸಿಕೊಳ್ಳಬೇಕಂತೆ. ಆ ಹೊಲದಲ್ಲಿ ನೆಟ್‌ವರ್ಕ್ ಅಷ್ಟು ಭಾರ ಹೊರುವುದಿಲ್ಲ. ಹೋಗಲಿ, ಇಷ್ಟು ವರ್ಷ ತಾನೇ ಕಲಿತವಳಿಗೆ ಉತ್ತರ ಯಾಕೆ ಎಂದು ದಾನೇಶ್ವರಿ ಸುಮ್ಮನಾದಳು. ಅಲ್ಲಿಂದ ಹುಡುಗಿ ಕುಸಿಯತೊಡಗಿದಳು. ಒಂದೇ ಪುಟ ತೆರೆದುಕೊಂಡು ಮಧ್ಯಾಹ್ನದವರೆಗೆ ಕೂರುವಳು. ಬರೆಯುವಳು, ಅಳಿಸುವಳು, ಕಾಗದ ತೂತು ಬೀಳುವವರೆಗೆ ಅಳಿಸುವಳು. ಹೊಟ್ಟೆನೋವು ಎಂದು ರೊಟ್ಟಿ ಬಿಟ್ಟೇಳುವಳು.

“ಏನಾಗೇತಿ?” ಎಂದು ಕೇಳಿದರೆ, “ಹೇಳಬ್ಯಾಡ, ಹುಡುಕಾಕತ್ತೇನಿ” ಎನ್ನುತ್ತಿದ್ದಳು.

ದಾನೇಶ್ವರಿ ಗುಂಪಿನ ಹಿರಿಯಕ್ಕನನ್ನು ಕೇಳಿದಳು. ಕಾಯಿರಿ, ಮಗು ಹಾದಿ ಹುಡುಕಿಕೊಳ್ಳುತ್ತದೆ ಎಂಬ ಉತ್ತರ ಬಂತು. ಕಾಯ್ದಳು. ಮಗಳ ಮುಖ ಸಣ್ಣದಾಗುತ್ತ ಹೋಯಿತು. ಒಂದು ಬೆಳಿಗ್ಗೆ ಕಾವೇರಿ ಗೋಡೆಗೆ ಹೇಳುವಂತೆ ಹೇಳಿದಳು: “ನಾ ದಡ್ಡಿ ಅದೇನಿ. ಇನ್ಮ್ಯಾಲ ಲೆಕ್ಕ ಮಾಡಂಗಿಲ್ಲ.” ಮಗಳು ಗಣಿತ ಬಿಟ್ಟರೆ ಬಿಡಲಿ, ದಡ್ಡಿ ಎಂದುಕೊಂಡು ಬದುಕಬಾರದು. ಬಾಯಿಯ ಬೀಗ ಒಡೆಯದೆ ಬೇರೆ ದಾರಿ ಉಳಿಯಲಿಲ್ಲ.

ಹಸನು ಮಾಡುವ ಮೊರವನ್ನು ಬದಿಗಿಟ್ಟು ಮಗಳ ಪಕ್ಕದಲ್ಲಿ ಹೋಗಿ ಕೂತಳು. ಪುಸ್ತಕದಲ್ಲಿ ಒಂದು ರಸ್ತೆಯ ಚಿತ್ರ, ರಸ್ತೆಯ ಬದಿಗೆ ಕಿಲೋಮೀಟರ್ ಕಲ್ಲುಗಳು. ಮೂರನೆಯ ಕಲ್ಲಿನಿಂದ ಎಂಟನೆಯ ಕಲ್ಲಿನವರೆಗೆ ದೂರವೆಷ್ಟು ಎಂಬ ಪ್ರಶ್ನೆ. ಕಾವೇರಿ ಆರು ಎಂದು ಬರೆದು ಅಳಿಸಿದ್ದಳು, ಐದು ಎಂದು ಬರೆದು ಅಳಿಸಿದ್ದಳು, ಈಗ ನಾಲ್ಕಕ್ಕೆ ಬಂದಿದ್ದಳು.

“ಹೆಂಗ ಎಣಿಸಿದಿ, ತೋರಸು.”

ಹುಡುಗಿ ಹಿಂಜರಿದು ಮೂರನೆಯ ಕಲ್ಲಿನ ಮೇಲೆ ಬೆರಳಿಟ್ಟಳು. “ಲಾಭ,” ಎಂದಳು. ಮುಂದಿನ ಕಲ್ಲಿಗೆ ಬೆರಳು ಸರಿಸಿ, “ಎರಡು, ಮೂರು, ನಾಕು…”

ದಾನೇಶ್ವರಿಗೆ ಆ ಎಣಿಕೆಯ ಗುರುತು ಹತ್ತಿತು. ಆ ಕಡೆ ಕಾಳು ಅಳೆಯುವಾಗ ಮೊದಲ ಸೇರಿಗೆ ‘ಒಂದು’ ಎನ್ನುವುದಿಲ್ಲ, ‘ಲಾಭ’ ಎನ್ನುತ್ತಾರೆ. ಆಮೇಲೆ ಎರಡು, ಮೂರು. ರಾಶಿ ಹೆಚ್ಚಲಿ ಎಂಬ ಆಸೆ. ಆಯಿ ಹಾಗೆಯೇ ಅಳೆಯುತ್ತಿದ್ದಳು. ಮೊಮ್ಮಗಳು ಎಣಿಕೆಯನ್ನು ಆಯಿಯ ಬಾಯಿಂದಲೇ ಕಲಿತಿದ್ದಳು, ಆದರೆ ನಿಂತ ಕಲ್ಲಿಗೇ ‘ಲಾಭ’ ಹೇಳಿ ಹೊರಡುತ್ತಿದ್ದಳು. ಹಾಗಾಗಿ ಪ್ರತಿ ದಾರಿಗೂ ಒಂದು ಹೆಚ್ಚು ಬರುತ್ತಿತ್ತು.

“ಕಡೀಕ ಲಾಭ ತಗೀಬೇಕು,” ಎಂದು ಕಾವೇರಿ ತಾನೇ ವಿವರಿಸಿದಳು. ಇಷ್ಟು ವರ್ಷ ಒಬ್ಬಳೇ ಕಟ್ಟಿಕೊಂಡ ಶಾಸ್ತ್ರ ಅದು. “ಕೆಲವು ಲೆಕ್ಕದಾಗ ಒಂದು ತಗೀಬೇಕು. ಎರಡು ದಾರಿ ಕೂಡಿಸೂದಿದ್ರ ಎರಡು. ಮಾವಿನಹಣ್ಣಿನ ಲೆಕ್ಕಕ್ಕ ತಗೀಬಾರದು. ಹಿಂದ ಉತ್ತರ ನೋಡಿದ್ರ ಗೊತ್ತಾಗತಿತ್ತು ಎಷ್ಟು ತಗೀಬೇಕಂತ. ಈಗ ಉತ್ತರಽ ಇಲ್ಲ.”

ಅಷ್ಟು ಸಣ್ಣ ತಲೆಯಲ್ಲಿ ಅಷ್ಟೊಂದು ಕಟ್ಟಳೆ! ಒಂದು ಮಾತಿನಲ್ಲಿ ಮುಗಿಯುವ ವಿಷಯವನ್ನು ಹುಡುಗಿ ಮೂಟೆ ಮಾಡಿ ಹೊತ್ತಿದ್ದಳು, ಪಕ್ಕದಲ್ಲೇ ಕೂತ ತಾಯಿ ಫೋಟೋ ತೆಗೆಯುತ್ತಿದ್ದಳು. ದಾನೇಶ್ವರಿಗೆ ತನ್ನ ಮೇಲೇ ಸಿಟ್ಟು ಉಕ್ಕಿತು. ಆ ಸಿಟ್ಟಿನಲ್ಲೇ ಹಳೆಯ ಚಟ ಬಾಯಿಗೆ ಬಂದುಬಿಟ್ಟಿತು: “ಲಾಭ ಗೀಭ ಎಲ್ಲಾ ಬಿಟ್ಟುಬಿಡು. ಆಯಿ ಲೆಕ್ಕ ಇಲ್ಲಿ ನಡ್ಯಂಗಿಲ್ಲ. ಐದು ಅಂತ ಬರಿ.”

ಕಾವೇರಿ ಪೆನ್ಸಿಲ್ ಎಸೆದು ಎದ್ದಳು. “ಆಯಿ ಲೆಕ್ಕ ತಪ್ಪಿರಲಿಲ್ಲ!” ಕೂಗಿದವಳೇ ಕೊಟ್ಟಿಗೆಗೆ ಓಡಿಹೋಗಿ ಎಮ್ಮೆಯ ಮರೆಗೆ ಕೂತಳು. ಕರೆದರೆ ಬರಲಿಲ್ಲ. ಮಧ್ಯಾಹ್ನ ತಟ್ಟೆ ಒಯ್ದಿಟ್ಟರೆ ಮುಟ್ಟಲಿಲ್ಲ. ದಾನೇಶ್ವರಿ ಒಲೆಯ ಮುಂದೆ ಕೂತು ಯೋಚಿಸಿದಳು. ಲೆಕ್ಕ ತಿದ್ದಲು ಹೋಗಿ ಅಜ್ಜಿಯನ್ನೇ ಕಿತ್ತುಕೊಂಡಂತಾಯಿತಲ್ಲ. ಗಂಡನಿಗೆ ಫೋನ್ ಮಾಡಿದಳು, ಎತ್ತಲಿಲ್ಲ. ಗುಂಪಿನಲ್ಲಿ ಕೇಳಲು ಮನಸ್ಸಾಗಲಿಲ್ಲ. ಹೊರಗೆ ಬಿಸಿಲು ಭಣಗುಡುತ್ತಿತ್ತು. ತನ್ನಂಥ ಒಂಟಿ ಜೀವ ಇನ್ನೊಂದಿಲ್ಲ ಎಂದುಕೊಂಡಿದ್ದವಳಿಗೆ ಕೊಟ್ಟಿಗೆಯಲ್ಲಿ ಇನ್ನೊಂದು ಇದೆಯೆಂದು ಆಗ ಹೊಳೆಯಿತು.

ಮರುದಿನ ಬೆಳಿಗ್ಗೆ ಅವಳು ಪುಸ್ತಕ ತೆಗೆಯಲಿಲ್ಲ. ಆಯಿಯ ಹಿತ್ತಾಳೆಯ ಸೇರನ್ನು ತೊಳೆದು ಒರೆಸಿ, ಜೋಳದ ಚೀಲದ ಬಾಯಿ ಬಿಚ್ಚಿ, ಮಗಳನ್ನು ಕರೆದಳು.

“ನಿಮ್ಮ ಆಯಿ ಹೆಂಗ ಅಳೀತಿದ್ಲು, ತೋರಸು ಬಾ. ನಾ ಸರಿಯಾಗಿ ನೋಡೇ ಇಲ್ಲ.”

ಸೇರು ಕಂಡದ್ದಕ್ಕೆ ಕಾವೇರಿ ಬಂದಳು, ತಾಯಿಯ ಮೇಲಿನ ಪ್ರೀತಿಗಲ್ಲ. ಖಾಲಿ ಸೇರನ್ನು ಎರಡೂ ಕೈಯಲ್ಲಿ ಹಿಡಿದು, ಹಣೆಗೆ ಒತ್ತಿಕೊಂಡು, ಚೀಲದ ಕಡೆ ಬಾಗಿದಳು.

“ತಡಿ,” ಎಂದಳು ದಾನೇಶ್ವರಿ. “ಈಗ ಆಯಿ ಏನಂತಿದ್ಲು?”

“ಏನೂ ಅಂತಿರಲಿಲ್ಲ. ಸೇರು ಖಾಲಿ ಐತಲ್ಲ.”

“ಮತ್ತ ಲಾಭ ಯಾವಾಗ ಅಂತಿದ್ಲು?”

“ತುಂಬಿ ಸುರುವಿದ ಮ್ಯಾಲ.” ಇದೂ ಗೊತ್ತಿಲ್ಲವೇ ಎನ್ನುವ ಹಾಗೆ ನೋಡಿ ಹುಡುಗಿ ಸುರಿದು ತೋರಿಸಿದಳು. “ಲಾಭ.”

ದಾನೇಶ್ವರಿ ಸೀಮೆಸುಣ್ಣದಿಂದ ನೆಲದ ಮೇಲೆ ಉದ್ದ ಗೆರೆ ಎಳೆದು, ಅಡ್ಡಗೀಟು ಹಾಕಿ ಕಲ್ಲುಗಳ ಅಂಕಿ ಬರೆದಳು. ಮಗಳನ್ನು ಮೂರರ ಮೇಲೆ ನಿಲ್ಲಿಸಿದಳು. “ಈಗ ಬರೇ ನಿಂತೀದಿ. ಸೇರು ತುಂಬೇತೇನು?”

ಉತ್ತರ ನಾಲಿಗೆಯ ತುದಿಗೆ ಬಂದಿತ್ತು. ದಾನೇಶ್ವರಿ ಹಲ್ಲು ಕಚ್ಚಿ ಹಿಡಿದಳು. ಕಾವೇರಿ ತನ್ನ ಪಾದ ನೋಡಿದಳು, ಸೇರು ನೋಡಿದಳು.

“ಇಲ್ಲ… ಖಾಲಿ.”

“ಹೆಜ್ಜಿ ಇಡು.”

ಹುಡುಗಿ ನಾಲ್ಕರ ಮೇಲೆ ಕಾಲಿಟ್ಟಳು. “ಲಾಭ.” ಅಲ್ಲಿಂದ ಯಾರೂ ಹೇಳಬೇಕಾಗಲಿಲ್ಲ. ಎಂಟಕ್ಕೆ ಬಂದು ನಿಂತಾಗ, “ಐದು,” ಎಂದಳು. “ಲಾಭ ತಗ್ಯಾದಽ ಬ್ಯಾಡ!”

ಆಗ ದಾನೇಶ್ವರಿ ಬಾಯಿ ತುಂಬ ಕಲಿಸಿದಳು. ಕಲ್ಲು ಎಣಿಸುವ ಲೆಕ್ಕ ಬೇರೆ, ಕಲ್ಲುಗಳ ನಡುವಿನ ದಾರಿ ಎಣಿಸುವ ಲೆಕ್ಕ ಬೇರೆ ಎಂದು ಹೇಳಿದಳು. ನಿಂತ ಜಾಗ ಖಾಲಿ ಸೇರು, ಇಟ್ಟ ಹೆಜ್ಜೆ ಸುರಿದ ಸೇರು ಎಂದು ತೋರಿಸಿದಳು. ಸೊನ್ನೆಯಿಂದ ಹೊರಡಿಸಿದಳು, ಹಿಂದಕ್ಕೆ ನಡೆಸಿದಳು, ಎರಡು ದಾರಿ ಕೂಡಿಸಿದಳು. ತಾನು ಮಾಡಿ ತೋರಿಸಿ, ಜೊತೆಗೆ ಮಾಡಿಸಿ, ಕೊನೆಗೆ ಮಗಳೊಬ್ಬಳಿಗೇ ಬಿಟ್ಟಳು. ಪಡಸಾಲೆಯ ನೆಲವೆಲ್ಲ ಸುಣ್ಣದ ಗೆರೆಯಾಯಿತು. ಎಷ್ಟೋ ವರ್ಷದ ಮೇಲೆ ಅವಳಿಗೆ ಒಲೆಯ ಮೇಲಿನ ಸಾರು ಮರೆತುಹೋಯಿತು.

“ಹಂಗಾರ ಆಯಿ ತಪ್ಪಿರಲಿಲ್ಲ,” ಎಂದಳು ಕಾವೇರಿ.

“ಆಯಿ ತಪ್ಪಿರಲಿಲ್ಲ.”

ಹುಡುಗಿ ಪುಸ್ತಕ ತಂದು, ಪುಟದ ಲೆಕ್ಕಗಳನ್ನೆಲ್ಲ ಒಂದೇ ಉಸಿರಿಗೆ ಮಾಡಿಟ್ಟಳು. ಎಲ್ಲ ಸರಿ. ಈಗ ನಗುತ್ತಾಳೆ ಎಂದು ದಾನೇಶ್ವರಿ ಕಾದಳು. ಕಾವೇರಿ ನಗಲಿಲ್ಲ. ತಾಯಿಯ ಮುಖವನ್ನು ಅಪರಿಚಿತರನ್ನು ನೋಡುವಂತೆ ನೋಡಿದಳು.

“ಅವ್ವಾ, ಇದು ನಿನಗ ಮೊದಲಽ ಗೊತ್ತಿತ್ತೇನು?”

“ಗೊತ್ತಿತ್ತು. ನೀ ಯಾಕ ಒಮ್ಮಿನೂ ಕೇಳಲಿಲ್ಲ? ನಾ ಬ್ಯಾಡಂದಿದ್ದಕ್ಕಽ?”

ಕಾವೇರಿ ಚೀಲದ ಜೋಳದಲ್ಲಿ ಬೆರಳಾಡಿಸಿದಳು. “ಅದಕ್ಕಲ್ಲ. ನಿನಗ ಲೆಕ್ಕ ಬರಂಗಿಲ್ಲ ಅಂತ ತಿಳಿದಿದ್ನಿ. ಕೇಳಿದ್ರ ನಿನಗ ನಾಚಿಕಿ ಆಗತೈತಿ ಅಂತ ಸುಮ್ನಿದ್ನಿ.”

ದಾನೇಶ್ವರಿ ಕೈಯಲ್ಲಿದ್ದ ಸೀಮೆಸುಣ್ಣ ಕೆಳಗಿಟ್ಟಳು. ಮಗಳು ಗೋಡೆಗೆ ಮುಖ ಮಾಡಿ ಕೂತದ್ದು ತಾಯಿಯ ಮಾನ ಕಾಯಲು. ಅಷ್ಟು ದಿನ, ಅಷ್ಟು ಹತ್ತಿರ.

“ಬರತೈತಿ ಕೂಸಾ,” ಎಂದಳು, ಶಾಲೆಯಲ್ಲಿ ಎದ್ದು ನಿಂತು ಉತ್ತರ ಕೊಡುವ ಹುಡುಗಿಯ ಹಾಗೆ. “ನನಗ ಲೆಕ್ಕ ಬರತೈತಿ.”

ಕಾವೇರಿ ಪೂರಾ ನಂಬಿದಂತೆ ಕಾಣಲಿಲ್ಲ. ಪುಟ ತಿರುವಿ, ಮುಂದಿನ ಪಾಠದ ಲೆಕ್ಕವೊಂದನ್ನು ತಾಯಿಯ ಕಡೆ ಸರಿಸಿದಳು. “ಹಂಗಾರ ಇದನ್ನ ಹೇಳು ನೋಡೂಣು.”

ಲೆಕ್ಕ ಸುಲಭದ್ದೇ. ದಾನೇಶ್ವರಿ ಪುಸ್ತಕ ಹತ್ತಿರ ಎಳೆದುಕೊಂಡಳು. ಕಣ್ಣು ತುಂಬಿ ಒಂದು ಅಕ್ಷರವೂ ಕಾಣಿಸಲಿಲ್ಲ. ಸೆರಗಿನಿಂದ ಒರೆಸಿಕೊಂಡು ಮತ್ತೆ ನೋಡಿದಳು, ಮತ್ತೆ ತುಂಬಿತು. ಕಾವೇರಿ ಸ್ವಲ್ಪ ಹೊತ್ತು ಕಾದು, ಪುಸ್ತಕವನ್ನು ಮೆಲ್ಲಗೆ ತನ್ನ ಕಡೆಗೆ ಎಳೆದುಕೊಂಡಳು.

“ಬರಲಿಲ್ಲಂದ್ರ ಇರಲಿ ಬಿಡವ್ವಾ,” ಎಂದಳು.