ಬಂದೂಕಿಗೆ ಬಿಟ್ಟ ಜಾಗ

ಘೋಡಗೇರಿಯಲ್ಲಿ ನಮ್ಮ ಬಾಜೂ ಮನೆಯಲ್ಲೊಬ್ಬ ಮಿಲ್ಟ್ರಿಯವನಿದ್ದ. ಫೌಜು ಬಿಟ್ಟು ಬಂದ ಮೇಲೂ ಬರಿ ಹೆಗಲಲ್ಲಿ ಏನೋ ಹೊತ್ತವನ ಹಾಗೆ ನಡೆಯುತ್ತಿದ್ದ.

ಮಹಾರಾಷ್ಟ್ರದಲ್ಲಿದ್ದ ಅವನ ಅಣ್ಣ ಹಾಸಿಗೆ ಹಿಡಿದಿದ್ದ. ತನ್ನ ರೈಫಲ್ಲಿಗೆ ಹುಟ್ಟಿದ ಮನೆಯಲ್ಲಿ ಒಂದು ಸಲ ಪೂಜೆಯಾಗಲಿ, ಆಮೇಲೆ ಅದು ತಮ್ಮನಿಗೇ ಇರಲಿ ಎಂಬುದು ಅವನ ಆಸೆ. ಆದರೆ ಅದು ತಮ್ಮನ ಲೈಸೆನ್ಸಿಗೆ ಏರಬೇಕು, ಗಡಿ ದಾಟಿಸಲು ಬೇರೆ ಪರವಾನಿಗೆ ಬೇಕು. ಹುಕ್ಕೇರಿಯ ಕಚೇರಿಗೆ ಅಲೆದು ಇವನ ಚಪ್ಪಲಿ ಸವೆದವೇ ಹೊರತು ಕಾಗದ ಕೈಗೆ ಬರಲಿಲ್ಲ.

“ಜ್ವಾಳದ ಕಣಿಕಿ ಸಿವುಡಿನ್ಯಾಗ ಸುತ್ತಿ ಟೆಂಪೋದಾಗ ಒಗದು ತಾರೋ, ಯಾರ್ ನೋಡ್ತಾರ?” ಎಂದೆ.

“ನಾ ನೋಡ್ತೇನಲ್ಲ, ಅಕ್ಕಾ.”

ಯಾರು ಏನೇ ಹೇಳಿದರೂ ಅವನದು ಅದೇ ಮಾತು.

ಆಯುಧಗಳಿಗೆ ಪೂಜೆ ಮಾಡುವ ಖಂಡೇನವಮಿಯ ಹಿಂದಿನ ದಿನ ಅಣ್ಣನ ಮಗ ರೈಫಲ್ಲನ್ನು ಕೌದಿಯಲ್ಲಿ ಸುತ್ತಿಕೊಂಡು ಹೊರಟೇಬಿಟ್ಟ. ಅವನ ಫೋನು ಬಂದಾಗ ಇವನು ಪೂಜೆಯ ಹಲಗೆ ತೊಳೆಯುತ್ತಿದ್ದ.

“ಗಡಿ ದಾಟಬ್ಯಾಡ. ಹಿಂದಕ್ಕ ಹೋಗು. ಜೇಲಿಗೆ ಹೋಗ್ತಿ.”

“ಕಾಕಾ, ಅಪ್ಪ ಮುಂದಿನ ನವಮಿಗೆ ಇರೂದಿಲ್ಲ!” ಎಂದು ಹುಡುಗ ಕೂಗಿದ್ದು ನನಗೂ ಕೇಳಿಸಿತು.

ಇವನು ಫೋನು ಇಟ್ಟು ಮತ್ತೆ ಹಲಗೆ ತೊಳೆದ. ಹುಡುಗ ಗಡಿಯಿಂದಲೇ ಹಿಂದಕ್ಕೆ ಹೋದ.

ಮರುದಿನ ಕುಡಗೋಲು, ಕುರುಪಿಗಳ ಬಾಜೂ ಬಂದೂಕಿನಷ್ಟುದ್ದ ಜಾಗ ಬಿಟ್ಟು, ಬರಿ ಹಲಗೆಗೇ ವಿಭೂತಿ ಹಚ್ಚಿ ಹೂ ಏರಿಸಿದ. ಲೋಬಾನದ ಹೊಗೆಯಲ್ಲಿ ಅಲ್ಲೇನೋ ಮಲಗಿದಂತೆ ನನಗೆ ಕಂಡಿತು.

ಅಣ್ಣ ಹೋದ, ಆಮೇಲೆ ಇವನೂ ಹೋದ. ಬಂದೂಕು ಬರಲೇ ಇಲ್ಲ. ನವಮಿಗೆ ಇವನ ಹೆಂಡತಿ ಈಗಲೂ ಹಲಗೆಯ ಮೇಲೆ ಆ ಜಾಗ ಬಿಡುತ್ತಾಳೆ. ನನಗೆ ದೇವರು ದಿಂಡರು ಅಷ್ಟಕ್ಕಷ್ಟೆ. ಆದರೂ ಆ ಖಾಲಿ ಜಾಗವನ್ನು ದಾಟದೆ ಸುತ್ತು ಹಾಕಿ ಹೋಗುತ್ತೇನೆ.